ದಿನಕ್ಕೊಂದು ಫೋಟೊ, ವರ್ಷಪೂರ್ತಿ: ಬೆಂಗಳೂರಿನಲ್ಲಿ ಇದ್ದುಕೊಂಡು ಮಾಡುವುದು ಹೇಗೆ?

"ದಿನಕ್ಕೊಂದು ಫೋಟೊ ತೆಗೀಬೇಕು ಅಂತ ಜನವರಿಯಲ್ಲಿ ಶುರು ಮಾಡಿದೆ, ಫೆಬ್ರವರಿಗೆ ನಿಂತುಹೋಯ್ತು, ಏನು ಮಾಡಲಿ?" ಈ ಪ್ರಶ್ನೆ ನನಗೆ ವರ್ಷವೂ ಬರುತ್ತದೆ. ಇದರ ಬೆನ್ನಿಗೇ ಇನ್ನೊಂದು: "ಯಾವ ಕ್ಯಾಮೆರಾ ತಗೊಳ್ಳಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಶುರುವಿನಿಂದ ಕೊನೆಯವರೆಗೆ ಒಂದೇ ಕಡೆ ಹೇಳಿಬಿಡುತ್ತೇನೆ.

ಎರಡನೆಯದಕ್ಕೆ ಉತ್ತರ ಸುಲಭ. ಏನೂ ತಗೊಳ್ಳಬೇಡಿ. ಕೈಯಲ್ಲಿರುವ ಫೋನ್ ಸಾಕು. ದೊಡ್ಡ ಕ್ಯಾಮೆರಾ ಇದ್ದವರಿಗೂ ಮಳೆಯಲ್ಲಿ, ಬಿಎಂಟಿಸಿ ಬಸ್ಸಿನ ನೂಕುನುಗ್ಗಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೈಗೆ ಸಿಗುವುದು ಫೋನೇ. ದಿನಾ ತೆಗೆಯಬೇಕು ಅಂದರೆ ದಿನಾ ಜೊತೆಗಿರುವುದೇ ಒಳ್ಳೆ ಕ್ಯಾಮೆರಾ.

ಮೊದಲನೆಯದೇ ಕಷ್ಟದ್ದು. ಮಧ್ಯದಲ್ಲಿ ಬಿಟ್ಟವರನ್ನು ಕೇಳಿ ನೋಡಿದ್ದೇನೆ. ಫೋಟೊ ಚೆನ್ನಾಗಿ ಬರಲಿಲ್ಲ ಅಂತ ಬಿಟ್ಟವರು ಕಡಿಮೆ. "ಇವತ್ತು ತೆಗೆಯೋಕೆ ಏನೂ ಇರಲಿಲ್ಲ" ಅಂತ ಬಿಟ್ಟವರೇ ಜಾಸ್ತಿ. ಅದಕ್ಕೇ ಏನೂ ಇಲ್ಲದ ದಿನದ ಬಗ್ಗೆ ಇಲ್ಲಿ ಹೆಚ್ಚು ಬರೆದಿದ್ದೇನೆ.

ಇದು ಹೊಸ ಹುಚ್ಚೇನೂ ಅಲ್ಲ. ಅಮೆರಿಕದ ಜೇಮೀ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ದಿನಕ್ಕೊಂದು ಪೋಲರಾಯ್ಡ್ ತೆಗೆಯಲು ಶುರು ಮಾಡಿದರು. ಪೋಲರಾಯ್ಡ್ ಅಂದರೆ ಕ್ಲಿಕ್ಕಿಸಿದ ಕೂಡಲೇ ಕ್ಯಾಮೆರಾದಿಂದಲೇ ಕಾಗದವಾಗಿ ಹೊರಬರುವ ಫೋಟೊ. 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ. ಹದಿನೆಂಟು ವರ್ಷ! ಆ ಫೋಟೊಗಳಲ್ಲಿ ಸ್ನೇಹಿತರಿದ್ದಾರೆ, ಊಟವಿದೆ, ಕೊನೆಕೊನೆಗೆ ಆಸ್ಪತ್ರೆಯೂ ಇದೆ. ನಮಗೆ ಒಂದು ವರ್ಷ ಸಾಕು.

ಹಂತ 1: ನಿಯಮ ಬರೆದಿಡಿ, ಕಡಿಮೆ ಬರೆಯಿರಿ

ಒಂದು ಚೀಟಿಯಲ್ಲಿ ಮೂರ್ನಾಲ್ಕು ಸಾಲು ಬರೆದು ಫ್ರಿಜ್ ಮೇಲೆ ಅಂಟಿಸಿ. ನನ್ನ ಚೀಟಿ ಹೀಗಿದೆ: ಎದ್ದಾಗಿನಿಂದ ಮಲಗುವವರೆಗೆ ಒಂದು ದಿನ. ಎಷ್ಟು ಬೇಕಾದರೂ ತೆಗೆಯಬಹುದು, ಉಳಿಸಿಕೊಳ್ಳುವುದು ಒಂದೇ. ನಿನ್ನೆಯದನ್ನು ಇವತ್ತಿಗೆ ಸೇರಿಸುವ ಹಾಗಿಲ್ಲ. ತಪ್ಪಿದ ದಿನ ಖಾಲಿ ಬಿಡಬೇಕು.

ಕೊನೆಯ ಸಾಲನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ದಿನ ಮರೆತರೆ ಹಳೆಯ ಫೋಟೊ ಹುಡುಕಿ ತುಂಬಿಸೋಣ ಅನ್ನಿಸುತ್ತದೆ. ಬೇಡ. ಒಮ್ಮೆ ತುಂಬಿಸಿದಿರಿ ಅಂದರೆ ಉಳಿದ ದಿನಗಳ ಮೇಲೂ ನಿಮಗೇ ನಂಬಿಕೆ ಹೋಗುತ್ತದೆ. ಖಾಲಿ ಬಿಟ್ಟು ಮರುದಿನ ಮುಂದುವರಿಸಿ. ಒಂದು ದಿನ ತಪ್ಪಿತು ಅಂತ ಇಡೀ ವರ್ಷ ಕೈಬಿಡುವುದೇ ನಾನು ನೋಡಿದ ದೊಡ್ಡ ತಪ್ಪು.

ಜನವರಿ 1ರವರೆಗೆ ಕಾಯಬೇಕಾಗಿಲ್ಲ. ಯಾವ ಮಂಗಳವಾರದಿಂದ ಬೇಕಾದರೂ ಶುರು ಮಾಡಬಹುದು. ವರ್ಷದ ಮಧ್ಯೆ ಫೆಬ್ರವರಿ 29 ಬಂದರೆ 366 ಅಂತ ಎಣಿಸಿಕೊಳ್ಳಿ, ಅಷ್ಟೆ.

ಹಂತ 2: ಫೋನ್ ಸಿದ್ಧ ಮಾಡಿಕೊಳ್ಳಿ

ಹತ್ತು ನಿಮಿಷದ ಕೆಲಸ. ಮೊದಲು ಲೆನ್ಸ್ ಒರೆಸಿ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಫೋಟೊ ಮಂಜುಮಂಜಾಗಿ ಬರುತ್ತದೆ, ಬೀದಿದೀಪದ ಸುತ್ತ ಉದ್ದ ಗೆರೆ ಬೀಳುತ್ತದೆ ಅಂತ ದೂರುವವರ ಲೆನ್ಸ್ ನೋಡಿದರೆ ಮುಕ್ಕಾಲುವಾಸಿ ಬೆರಳಿನ ಜಿಡ್ಡೇ ಇರುತ್ತದೆ.

ಆಮೇಲೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಹಾಕಿಕೊಳ್ಳಿ. ಗ್ರಿಡ್ ಅಂದರೆ ತೆರೆಯ ಮೇಲೆ ಕಾಣುವ ಎರಡು ಅಡ್ಡ, ಎರಡು ಉದ್ದ ಗೆರೆಗಳು. ಫೋಟೊದಲ್ಲಿ ಅವು ಬರುವುದಿಲ್ಲ. ಗೋಡೆ, ಬಾಗಿಲು ವಾಲದಂತೆ ನೋಡಿಕೊಳ್ಳಲು ಸಹಾಯ ಮಾಡುತ್ತವೆ. ಮುಖ ನುಣುಪು ಮಾಡುವ ಬ್ಯೂಟಿ ಫಿಲ್ಟರ್ ಇದ್ದರೆ ತೆಗೆದುಹಾಕಿ. ಅಜ್ಜಿಯ ಮುಖದ ಸುಕ್ಕು ಒರೆಸಿಹೋದ ಫೋಟೊ ಇಟ್ಟುಕೊಂಡು ಏನು ಮಾಡುವುದು?

ಇನ್ನೊಂದು ಕಲಿಯಿರಿ. ತೆರೆಯ ಮೇಲೆ ಬೇಕಾದ ಜಾಗವನ್ನು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಪಕ್ಕದಲ್ಲಿ ಸೂರ್ಯನ ಚಿಹ್ನೆಯೋ ಒಂದು ಗೆರೆಯೋ ಕಾಣಿಸುತ್ತದೆ. ಅದನ್ನು ಕೆಳಗೆ ಎಳೆದರೆ ಫೋಟೊ ಕಪ್ಪಾಗುತ್ತದೆ, ಮೇಲೆ ಎಳೆದರೆ ಬೆಳ್ಳಗಾಗುತ್ತದೆ. ಇದಕ್ಕೆ ಎಕ್ಸ್‌ಪೋಶರ್ ಅನ್ನುತ್ತಾರೆ, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ. ಕಿಟಕಿಯ ಎದುರು ಕೂತವರ ಮುಖ ಕಪ್ಪಾಗುವುದು, ದೇವರ ಮುಂದಿನ ದೀಪ ಬರೀ ಬಿಳಿ ಚುಕ್ಕೆಯಾಗುವುದು, ಎರಡೂ ಇದೊಂದರಿಂದ ಸರಿಹೋಗುತ್ತವೆ.

ಬೆರಳು ಅಗಲಿಸಿ ಜೂಮ್ ಮಾಡುವುದು ಕಡಿಮೆ ಮಾಡಿ. ಫೋನ್ ಆಗ ಹೆಚ್ಚಿನ ಸಲ ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಎರಡು ಹೆಜ್ಜೆ ಹತ್ತಿರ ಹೋಗಿ.

ಹಂತ 3: ದಿನದ ಒಂದು ಅಭ್ಯಾಸಕ್ಕೆ ಗಂಟು ಹಾಕಿ

"ಯಾವಾಗಲಾದರೂ ತೆಗೆದರಾಯ್ತು" ಅಂದರೆ ರಾತ್ರಿ ಹನ್ನೊಂದಾಗುತ್ತದೆ. ಈಗಾಗಲೇ ದಿನಾ ಮಾಡುವ ಒಂದು ಕೆಲಸದ ಜೊತೆ ಫೋಟೊವನ್ನು ಸೇರಿಸಿಬಿಡಿ. ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಮೇಲೆ. ಬಸ್ ಸ್ಟಾಪ್‌ನಲ್ಲಿ ಕಾಯುವಾಗ. ಮಗುವನ್ನು ಶಾಲೆಗೆ ಬಿಟ್ಟು ವಾಪಸ್ ಬರುವಾಗ. ಅಲ್ಲಿ ತೆಗೆದದ್ದು ಆ ದಿನದ ಕನಿಷ್ಠ ಫೋಟೊ. ಸಂಜೆ ಇನ್ನೂ ಒಳ್ಳೆಯದು ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ.

ರಾತ್ರಿ ಒಂಬತ್ತಕ್ಕೆ ಒಂದು ಅಲಾರಂ ಇಡಿ. ಮೊದಲ ಎರಡು ತಿಂಗಳು ಅದು ಬೇಕೇ ಬೇಕು.

ಹಂತ 4: ನಮ್ಮ ಊರಿನ ಬೆಳಕು ತಿಳಿದುಕೊಳ್ಳಿ

ಸೂರ್ಯ ಹುಟ್ಟಿದ ಮೇಲೆ ಮತ್ತು ಮುಳುಗುವ ಮೊದಲು ಬರುವ ಹೊಂಬಣ್ಣದ ಬೆಳಕಿಗೆ ಗೋಲ್ಡನ್ ಅವರ್ ಅನ್ನುತ್ತಾರೆ. ವಿದೇಶದವರು ಮಾಡಿದ ವಿಡಿಯೊ ನೋಡಿ ಕಲಿತವರು ಇದನ್ನು ಒಂದು ಗಂಟೆ ಅಂತ ನಂಬಿ ಮೋಸ ಹೋಗುತ್ತಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಹಾಗಾಗಿ ಆ ಬೆಳಕು ಅರ್ಧ ಗಂಟೆ ಇದ್ದರೆ ಹೆಚ್ಚು. ಮುಳುಗಿದ ಮೇಲೆ ಆಕಾಶ ಕಡುನೀಲಿಯಾಗಿ ಬೀದಿದೀಪಗಳು ಹಳದಿಯಾಗಿ ಕಾಣುವ ಹೊತ್ತು ಸುಮಾರು ಇಪ್ಪತ್ತು ನಿಮಿಷ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುವುದು ಸಾಮಾನ್ಯವಾಗಿ ಆಗಲೇ. ಬಸ್ಸಿನ ಕಿಟಕಿಯಿಂದಲೇ ತೆಗೆಯಿರಿ, ತುಂಬಾ ಚೆನ್ನಾಗಿ ಬರುತ್ತದೆ.

ಸೂರ್ಯ ಹುಟ್ಟುವ ಹೊತ್ತು ಮೇ ಕೊನೆಯಲ್ಲಿ 5.50ರ ಸುಮಾರು, ಜನವರಿ ಕೊನೆಯಲ್ಲಿ 6.45ರ ಸುಮಾರು. ಮುಳುಗುವುದು ನವೆಂಬರ್‌ನಲ್ಲಿ 5.50ರ ಹತ್ತಿರ, ಜುಲೈನಲ್ಲಿ 6.50ರ ಹತ್ತಿರ. ಆಫೀಸಿಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ನವೆಂಬರ್‌ನಲ್ಲಿ ನೀವು ಹೊರಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಗ ಬೆಳಿಗ್ಗೆಯೇ ತೆಗೆದುಬಿಡಿ.

ಬೆಳಕು ಪಕ್ಕದಿಂದ ಬಂದರೆ ಏನಾಗುತ್ತದೆ ಅಂತ ಕಲಿಯಲು ಮನೆ ಮುಂದಿನ ರಂಗೋಲಿಯೇ ಸಾಕು. ಮಧ್ಯಾಹ್ನ ಅದು ನೆಲದ ಮೇಲಿನ ಬಿಳಿ ಗೆರೆ, ಅಷ್ಟೆ. ಬೆಳಿಗ್ಗೆ ಏಳಕ್ಕೆ ಬಿಸಿಲು ನೆಲ ಸವರಿಕೊಂಡು ಬರುವಾಗ ಕುಕ್ಕುರುಗಾಲಿನಲ್ಲಿ ಕೂತು, ಫೋನನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿಯಿರಿ. ಬೆರಳ ಸಂದಿಯಿಂದ ಜಾರಿದ ಪುಡಿ ಎಲ್ಲಿ ದಪ್ಪಗೆ ಬಿದ್ದಿದೆ, ಎಲ್ಲಿ ಕೈ ಬೇಗ ಓಡಿ ತೆಳ್ಳಗಾಗಿದೆ, ಎಲ್ಲ ಕಾಣುತ್ತದೆ. ಪ್ರತಿ ಗೆರೆಯ ಒಂದು ಬದಿಗೆ ಕೂದಲೆಳೆಯಷ್ಟು ನೆರಳು ಬಿದ್ದಿರುತ್ತದೆ. ಒಂದು ಮೂಲೆಯಲ್ಲಿ ಇರುವೆ ಆಗಲೇ ಅಕ್ಕಿಹಿಟ್ಟು ಹೊರುತ್ತಿರಬಹುದು. ಒಂದು ವಾರ ದಿನಾ ಇದನ್ನೇ ತೆಗೆದು ನೋಡಿ. ಬೆಳಕಿನ ಬಗ್ಗೆ ನಾನು ಇಲ್ಲಿ ಬರೆಯುವುದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ನಡುಮಧ್ಯಾಹ್ನದ ಬಿಸಿಲು ಗಡುಸು. ಮುಖದ ಮೇಲೆ ಕಣ್ಣಗುಳಿ ಕಪ್ಪಾಗುತ್ತದೆ. ಆದರೆ ವರ್ಷಕ್ಕೆ ಎರಡು ಮಧ್ಯಾಹ್ನ ಬಿಡಬೇಡಿ. ಏಪ್ರಿಲ್ 24-25ರ ಸುಮಾರು ಒಮ್ಮೆ, ಆಗಸ್ಟ್ 18ರ ಸುಮಾರು ಇನ್ನೊಮ್ಮೆ, 12.20ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅನ್ನುವುದು ಇದಕ್ಕೇ. ತಾರಸಿಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ, ಮೇಲಿನಿಂದ ತೆಗೆಯಿರಿ. ಫೋನಿನ ನೆರಳು ಬೀಳದಂತೆ ಸ್ವಲ್ಪ ಓರೆಯಾಗಿ ಹಿಡಿಯಿರಿ.

ಹಂತ 5: ಏನು ತೆಗೆಯಬೇಕು?

ಮೊದಲು ಒಂದು ಮರ ಆರಿಸಿಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ನಿಮ್ಮ ಬೀದಿಯಲ್ಲಿ ಒಂದು ಹೊಂಗೆ ಮರ ಇದ್ದೇ ಇರುತ್ತದೆ ಅಲ್ವಾ? ವಾರಕ್ಕೊಮ್ಮೆ, ಅದೇ ಜಾಗದಲ್ಲಿ ನಿಂತು, ಅದೇ ಎತ್ತರದಿಂದ ಅದನ್ನು ತೆಗೆಯಿರಿ. ಫುಟ್‌ಪಾತಿನ ಯಾವ ಕಲ್ಲಿನ ಮೇಲೆ ನಿಂತಿದ್ದಿರಿ ಅಂತ ಗುರುತಿಟ್ಟುಕೊಳ್ಳಿ. ಯುಗಾದಿಯ ಹೊತ್ತಿಗೆ ಹಳೆಯ ಎಲೆ ಉದುರಿ, ಬಿಸಿಲು ಆಚೆ ಕಡೆಯಿಂದ ಹಾಯುವಂಥ ತಿಳಿಹಸಿರು ಚಿಗುರು ಬರುತ್ತದೆ. ಆಮೇಲೆ ಹೂವು ಉದುರಿ ಕೆಳಗೆ ನಿಂತ ಸ್ಕೂಟರ್ ಸೀಟು ತುಂಬಿಹೋಗುತ್ತದೆ. ಮಳೆಗಾಲದಲ್ಲಿ ಅದೇ ಎಲೆ ಕಪ್ಪು ಹಸಿರು. ಐವತ್ತೆರಡು ಫೋಟೊ ಹೀಗೆ ಆಗಿಹೋಗುತ್ತವೆ. ನನ್ನ ಬೀದಿಯ ಮರದ ಒಂದು ಕೊಂಬೆಯನ್ನು ವೈರಿಗೆ ತಾಗುತ್ತದೆ ಅಂತ ಕಡಿದ ವಾರ, ಅದು ಯಾವ ಕೊಂಬೆ ಅಂತ ಹೇಳಲು ನನ್ನ ಹತ್ತಿರ ಫೋಟೊ ಇತ್ತು.

ಊರಿನ ಮರಗಳೇ ಅರ್ಧ ಕ್ಯಾಲೆಂಡರ್. ನವೆಂಬರ್ ಸುಮಾರಿಗೆ ಗುಲಾಬಿ ಬಣ್ಣದ ಟಬೇಬುಯಾ ಶುರುವಾಗುತ್ತದೆ. ಫೆಬ್ರವರಿ-ಮಾರ್ಚ್‌ಗೆ ಹಳದಿಯದು, ಅದರ ಹಿಂದೆಯೇ ನೇರಳೆ ಜಕರಂಡ, ಏಪ್ರಿಲ್-ಮೇನಲ್ಲಿ ಕೆಂಪು ಗುಲ್‌ಮೊಹರ್. ಉಳಿದರ್ಧ ಹಬ್ಬಗಳದ್ದು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿ ಬೇಕಾದರೆ ಸೂರ್ಯ ಹುಟ್ಟುವ ಮೊದಲೇ ಹೋಗಿ. ಮಹಡಿಯಿಂದ ಕೆಳಗೆ ನೋಡಿದರೆ ಸೇವಂತಿಗೆ, ಚೆಂಡುಹೂವಿನ ಗುಡ್ಡೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ.

ಒಂದು ಎಚ್ಚರಿಕೆ. ಇಂಥ ದೊಡ್ಡ ದಿನಗಳು ವರ್ಷಕ್ಕೆ ಇಪ್ಪತ್ತೋ ಮೂವತ್ತೋ. ಅಲ್ಲಿ ಎಲ್ಲರೂ ಫೋಟೊ ತೆಗೆಯುತ್ತಿರುತ್ತಾರೆ. ಲಾಲ್‌ಬಾಗಿನ ಗ್ಲಾಸ್‌ಹೌಸ್ 1889ರಿಂದ ಅಲ್ಲೇ ಇದೆ, ಮುಂದಿನ ವರ್ಷವೂ ಇರುತ್ತದೆ. ನಿಮ್ಮ ಮನೆಯ ಅಡುಗೆಕಟ್ಟೆಯನ್ನು ತೆಗೆಯುವವರು ನೀವೊಬ್ಬರೇ. ಅವರೆಕಾಯಿ ಕಾಲದಲ್ಲಿ ಎಲ್ಲರೂ ಕೂತು ಬೇಳೆ ಹಿದುಕುವಾಗ ಹತ್ತಿರ ಹೋಗಿ ನೋಡಿ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಜಿಗಿಯುತ್ತದೆ. ಅದು ಗಾಳಿಯಲ್ಲಿರುವಾಗ ಹಿಡಿಯಬೇಕಾದರೆ ಬರ್ಸ್ಟ್ ಬಳಸಿ, ಅಂದರೆ ಒಂದೇ ಸಮನೆ ಹತ್ತಾರು ಫೋಟೊ ತೆಗೆಯುವ ಸೌಲಭ್ಯ. ಕಿಟಕಿಯ ಪಕ್ಕ ಕೂರಿಸಿ, ಬೆಳಕು ಸಾಲದಿದ್ದರೆ ಬೇಳೆ ಬರೀ ಹಸಿರು ಗೀರಾಗಿ ಬರುತ್ತದೆ. ನಲವತ್ತು ತೆಗೆದರೆ ಒಂದು ಸಿಗುತ್ತದೆ. ಆ ಒಂದರಲ್ಲಿ ಅಮ್ಮನ ಉಗುರಿನ ಸಂದಿಯ ಹಸಿರು ಕೂಡ ಕಾಣುತ್ತದೆ.

ಹಂತ 6: ಏನೂ ಇಲ್ಲದ ದಿನ

ಸಾಮಾನ್ಯವಾಗಿ ನಲವತ್ತನೇ ದಿನದ ಸುಮಾರಿಗೆ ಶುರುವಾಗುತ್ತದೆ. ಮರ ತೆಗೆದಾಯಿತು, ಬೆಕ್ಕು ತೆಗೆದಾಯಿತು, ಕಾಫಿ ಮೂರು ಸಲ ಆಯಿತು. ರಾತ್ರಿ ಹತ್ತೂವರೆ. ಸುಸ್ತಾಗಿದೆ. ಇಂಥ ರಾತ್ರಿಗೆ ನಾನು ಮಾಡುವುದು ಹೇಳುತ್ತೇನೆ.

ಟ್ಯೂಬ್‌ಲೈಟ್ ಆರಿಸಿ. ಒಂದೇ ಒಂದು ದೀಪ ಉಳಿಸಿಕೊಳ್ಳಿ. ಅಡುಗೆಮನೆಯದ್ದೋ, ದೇವರ ಮನೆಯದ್ದೋ, ಟೇಬಲ್ ಮೇಲಿನದ್ದೋ. ದಿನಾ ನೋಡುವ ಮನೆ ಆಗ ಬೇರೆಯೇ ಕಾಣುತ್ತದೆ. ಆ ಬೆಳಕಿನಲ್ಲಿ ಇವತ್ತಿನ ಒಂದು ಗುರುತು ಹುಡುಕಿ. ನಾಳೆಗೆ ನೆನೆಹಾಕಿದ ಕಾಳು. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳು, ಯಾರದ್ದೋ ಒಂದು ಮಗುಚಿದೆ. ತೊಳೆದು ಕಟ್ಟೆಗೆ ಅಂಟಿಸಿದ ಹಾಲಿನ ಪ್ಯಾಕೆಟ್. ಹಾಗೂ ಸಿಗದಿದ್ದರೆ ಜೇಬು ಖಾಲಿ ಮಾಡಿ ಟೇಬಲ್ ಮೇಲೆ ಹರಡಿ. ಬಸ್ ಟಿಕೆಟ್, ಮೆಡಿಕಲ್ ಶಾಪ್ ಚೀಟಿ, ಚಿಲ್ಲರೆಗೆ ಬದಲು ಕೊಟ್ಟ ಚಾಕಲೇಟ್. ನೇರ ಮೇಲಿನಿಂದ ಒಂದು ಕ್ಲಿಕ್. ಎರಡು ನಿಮಿಷದ ಕೆಲಸ. ವರ್ಷದ ಕೊನೆಯಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಇಂಥವನ್ನೇ.

ಜ್ವರ ಬಂದ ದಿನ ಮಾತ್ರೆಯ ಪಟ್ಟಿ ತೆಗೆಯಿರಿ, ಕಿಟಕಿಯಿಂದ ಹಾಸಿಗೆಗೆ ಬಿದ್ದ ಬಿಸಿಲನ್ನು ತೆಗೆಯಿರಿ. ಮನೆಯಲ್ಲಿ ಸಾವಾದ ದಿನ ತೆಗೆಯಲೇಬೇಕು ಅಂತ ಹಟ ಬೇಡ. ಖಾಲಿ ಬಿಡಬಹುದು. ಒಂದು ಆಕಾಶ, ಒಂದು ಖಾಲಿ ಕುರ್ಚಿ ತೆಗೆದರೂ ಯಾರಿಗೂ ಅಗೌರವವಲ್ಲ. ಅದು ನಿಮಗೆ ಬಿಟ್ಟದ್ದು.

ಮಳೆ ಬಂದರೆ ಖುಷಿಪಡಿ. ನಮ್ಮಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ರಸ್ತೆಯ ನೀರಿನಲ್ಲಿ ಅಂಗಡಿ ಬೋರ್ಡುಗಳು ತಲೆಕೆಳಗಾಗಿ ಬಿದ್ದಿರುತ್ತವೆ. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸ್ ನೀರಿಗೆ ಹತ್ತಿರವಾಗಿ ಪ್ರತಿಬಿಂಬ ದೊಡ್ಡದಾಗಿ ಬರುತ್ತದೆ. ಗಾಡಿ ಬರುತ್ತಿದೆಯಾ ನೋಡಿಕೊಂಡು ಬಗ್ಗಿ. ಎಷ್ಟೇ ಒಳ್ಳೆಯ ಫೋಟೊ ಇರಲಿ, ನಡುರಸ್ತೆಯಲ್ಲಿ ನಿಲ್ಲಬೇಡಿ, ಗಾಡಿ ಓಡಿಸುತ್ತಾ ಫೋನ್ ಮುಟ್ಟಲೇಬೇಡಿ.

ಹಂತ 7: ಕೇಳಿ ತೆಗೆಯಿರಿ

ಸೊಪ್ಪಿನಮ್ಮನ ಫೋಟೊ ಬೇಕಾದರೆ ಮೊದಲು ಸೊಪ್ಪು ತಗೊಳ್ಳಿ, ಆಮೇಲೆ "ಅಮ್ಮಾ, ಒಂದು ಫೋಟೊ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ನಕ್ಕು ಮುಂದೆ ಹೋಗಿ. ಹೂಂ ಅಂದರೆ ತೆಗೆದು ತೋರಿಸಿ. ಸಾಧ್ಯವಾದರೆ ಒಂದು ಪ್ರಿಂಟ್ ಹಾಕಿಸಿ ಮುಂದಿನ ವಾರ ಕೊಡಿ. ಮಕ್ಕಳ ಫೋಟೊಗೆ ತಂದೆ-ತಾಯಿಯನ್ನೇ ಕೇಳಬೇಕು. ಮಲಗಿದವರು, ಅಳುವವರು, ಸ್ನಾನ ಮಾಡುವವರು ಬೇಡವೇ ಬೇಡ, ಅವರು ರಸ್ತೆ ಬದಿಯಲ್ಲೇ ಇದ್ದರೂ.

ಸೇನೆಯ ಜಾಗಗಳ ಹತ್ತಿರ ಕ್ಯಾಮೆರಾ ಎತ್ತಬೇಡಿ. ಮೆಟ್ರೊ ನಿಲ್ದಾಣದಲ್ಲಿ ಭದ್ರತಾ ಸಿಬ್ಬಂದಿ ಬೇಡ ಅಂದರೆ ವಾದ ಮಾಡಬೇಡಿ. ದೇವಸ್ಥಾನದ ಗರ್ಭಗುಡಿಯ ಮುಂದೆ ಬೋರ್ಡ್ ನೋಡಿ. ಉದ್ಯಾನಗಳಿಗೆ ದೊಡ್ಡ ಕ್ಯಾಮೆರಾ ಒಯ್ಯುವುದಾದರೆ ಗೇಟಿನಲ್ಲೇ ಕೇಳಿಕೊಳ್ಳಿ.

ಹಂತ 8: ಅವತ್ತೇ ಆರಿಸಿ, ಹೆಸರಿಡಿ, ಒಂದು ಸಾಲು ಬರೆಯಿರಿ

ಮಲಗುವ ಮೊದಲು ಐದು ನಿಮಿಷ. ಒಂದು ಫೋಟೊ ಆರಿಸಿ ಬೇರೆ ಆಲ್ಬಮ್‌ಗೆ ಹಾಕಿ. ವಾರಕ್ಕೊಮ್ಮೆ ಆರಿಸೋಣ ಅಂತ ಬಿಟ್ಟರೆ ಇನ್ನೂರು ಫೋಟೊ ರಾಶಿಯಾಗಿ, ಯಾವುದು ಯಾವ ದಿನದ್ದು ಅಂತಲೇ ತಲೆ ಕೆಡುತ್ತದೆ.

ಫೈಲಿನ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರಲಿ. 2025-03-14 ಈ ಥರ. ಹೀಗಿಟ್ಟರೆ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ದಿನದ ಕ್ರಮದಲ್ಲೇ ನಿಲ್ಲುತ್ತವೆ. 14-03-2025 ಅಂತ ಇಟ್ಟರೆ ಎಲ್ಲ ತಿಂಗಳ 14ನೇ ತಾರೀಖುಗಳು ಒಟ್ಟಿಗೆ ಗುಂಪಾಗುತ್ತವೆ.

ಪಕ್ಕದಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆಯಿರಿ. ಟೈಪ್ ಮಾಡುವುದು ಕಷ್ಟವಾದರೆ ಮಾತಾಡಿ ಬರೆಸುವ ಸೌಲಭ್ಯ ಕೀಬೋರ್ಡಿನಲ್ಲೇ ಇದೆ. "ಸುಂದರ ಸಂಜೆ" ಅಂತ ಬರೆಯಬೇಡಿ, ಅದು ಫೋಟೊದಲ್ಲೇ ಇದೆ. ಫೋಟೊದಲ್ಲಿ ಕಾಣದ್ದನ್ನು ಬರೆಯಿರಿ. "ಕರೆಂಟ್ ಹೋಗಿ ಒಂದು ಗಂಟೆ. ಪಕ್ಕದ ಮನೆಯವರು ಮೇಣದಬತ್ತಿ ಕೊಟ್ಟರು."

ಫೋಟೊ ಫೈಲಿನೊಳಗೆ ತೆಗೆದ ಸಮಯ, ಕೆಲವು ಸಲ ತೆಗೆದ ಜಾಗವೂ ದಾಖಲಾಗಿರುತ್ತದೆ. ಇದಕ್ಕೆ ಎಕ್ಸಿಫ್ ಅಂತ ಹೆಸರು. ನಿಮಗೆ ಅದು ಉಪಯೋಗ. ಆದರೆ ಮನೆಯಲ್ಲಿ ತೆಗೆದದ್ದನ್ನು ಎಲ್ಲರಿಗೂ ಕಾಣುವಂತೆ ಹಾಕುವ ಮೊದಲು ಜಾಗದ ಮಾಹಿತಿ ತೆಗೆದುಹಾಕಿ.

ಹಂತ 9: ಮೂರು ಕಡೆ ಇಡಿ

ಇದನ್ನು ಇವತ್ತೇ ಮಾಡಿ. ನನ್ನ ಮೊದಲ ಪ್ರಯತ್ನದಲ್ಲಿ ಫೋನ್ ಬಕೆಟ್ಟಿನ ನೀರಿಗೆ ಬಿತ್ತು. ಎಪ್ಪತ್ತೊಂದು ದಿನಗಳು ಹೋದವು. ಅದರಲ್ಲಿ ಅಜ್ಜ ಕೊನೆಯ ಸಲ ನಮ್ಮ ಮನೆಗೆ ಬಂದು ಕೂತಿದ್ದ ಫೋಟೊ ಇತ್ತು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಫೋನಿನಲ್ಲಿ ಒಂದು, ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ಆನ್‌ಲೈನ್ ಸಂಗ್ರಹದಲ್ಲೋ ತಂಗಿಯ ಮನೆಯಲ್ಲೋ ಇನ್ನೊಂದು. ಒಂದು ಫೋಟೊ 4 ಎಂಬಿ ಅಂತ ಹಿಡಿದರೂ 365ಕ್ಕೆ ಒಂದೂವರೆ ಜಿಬಿ ಅಷ್ಟೇ. ಪ್ರತಿ ತಿಂಗಳ ಮೊದಲ ಭಾನುವಾರ ನಕಲು ಮಾಡಿ, ಒಂದೆರಡನ್ನು ತೆರೆದು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು "ಸೇಫ್ ಆಯ್ತು" ಅಂದುಕೊಳ್ಳಬೇಡಿ. ಫೋಟೊ ಆಗಿ ಕಳಿಸಿದರೆ ಅದು ಗಾತ್ರ ಕುಗ್ಗಿಸುತ್ತದೆ, ತೆಗೆದ ಸಮಯದ ಮಾಹಿತಿಯೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹಂತ 10: ಪ್ರಿಂಟ್ ಹಾಕಿಸಿ

ವರ್ಷ ಮುಗಿಯುವವರೆಗೆ ಕಾಯದೆ ಮೂರು ತಿಂಗಳಿಗೊಮ್ಮೆ ಹಾಕಿಸಿ. 4×6 ಇಂಚಿನ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. ಪಿಕ್ಸೆಲ್ ಅಂದರೆ ಚಿತ್ರವನ್ನು ಕಟ್ಟುವ ಸಣ್ಣ ಸಣ್ಣ ಚುಕ್ಕೆ. ಈಗಿನ ಯಾವ ಫೋನಿನ ಫೋಟೊದಲ್ಲೂ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಸ್ಟುಡಿಯೊದವರಿಗೆ "ಬಣ್ಣ ತಿದ್ದಬೇಡಿ, ಇದ್ದ ಹಾಗೇ ಹಾಕಿ" ಅಂತ ಮೊದಲೇ ಹೇಳಿ. ಮೊಬೈಲ್ ಫೋಟೊದ ಆಕಾರ 4×6ಕ್ಕೆ ಸರಿಹೊಂದದೆ ಅಂಚು ಕತ್ತರಿಸಿಹೋಗುವುದುಂಟು. ಸುತ್ತ ಬಿಳಿ ಅಂಚು ಬಿಟ್ಟು ಪೂರ್ತಿ ಚಿತ್ರ ಹಾಕಲು ಕೇಳಿ. ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಮುಖದಲ್ಲಿ ಗೀರು ಏಳುತ್ತದೆ. ಸಿ.ಡಿ. ಮೇಲೆ ಬರೆಯುವ ಮಾರ್ಕರ್ ಬಳಸಿ, ಒಣಗಿದ ಮೇಲೆ ಜೋಡಿಸಿ.

ಪುಟಕ್ಕೆ ಆರರಂತೆ 61 ಪುಟ ಬೇಕು. ಆಲ್ಬಮ್ ಕೊಳ್ಳುವಾಗ ಎಣಿಸಿಕೊಳ್ಳಿ. ತಪ್ಪಿದ ದಿನದ ಜಾಗದಲ್ಲಿ ತಾರೀಖು ಮಾತ್ರ ಬರೆದ ಬಿಳಿ ಕಾಗದ ಇಡಿ. ಕೊನೆಯ ದಿನ ಏನು ತೆಗೆಯಬೇಕು ಅಂತ ಯೋಚಿಸಬೇಕಾಗಿಲ್ಲ. ಮೊದಲ ದಿನದ ಫೋಟೊ ತೆರೆದು, ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ ನಿಲ್ಲಿ. ಹೋಗುವ ಮೊದಲು ಲೆನ್ಸ್ ಒರೆಸಿಕೊಳ್ಳಿ.